ಅಳಿಸಿದ ಹಡಗುಗಳು

ಚಿತ್ರಕಲೆ ನನ್ನ ವಿಷಯವಲ್ಲ. ವಿಜ್ಞಾನದ ಮೇಷ್ಟ್ರಾದ ನನಗೆ ಚಿತ್ರವೆಂದರೆ ಭಾಗಗಳನ್ನು ಗುರುತಿಸುವ ಹೃದಯದ ಚಿತ್ರ, ಹೂವಿನ ನೀಳಸೀಳಿಕೆ. ಹೆಸರು ಬರೆಯದಿದ್ದರೆ ಅರ್ಧ ಅಂಕ ಕಡಿತ! ಅಂಥವನು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ‘ಕಡಲ ತೀರದ ಸನ್ಯಾಸಿ’ ಚಿತ್ರದ ಪ್ರತಿಯನ್ನು ತರಗತಿಗೆ ಒಯ್ದದ್ದು ಅವಗೆಂಪು ಕಿರಣಗಳ ಉಪಯೋಗ ಹೇಳುವುದಕ್ಕಷ್ಟೇ.

1808ರಿಂದ 1810ರ ನಡುವೆ ಬರೆದ ಚಿತ್ರವಿದು. ಮೂಲ ಬರ್ಲಿನ್ನಿನಲ್ಲಿದೆ. ಕೆಳಗೆ ಮಾಸಲು ಮರಳು, ಅದರಾಚೆ ಕಪ್ಪುಗಟ್ಟಿದ ಕಡಲಿನ ಒಂದು ಪಟ್ಟಿ, ಉಳಿದ ಮುಕ್ಕಾಲು ಪಾಲು ಬರೀ ಆಕಾಶ. ಮರಳಿನ ಮೇಲೆ, ಕಡಲಿಗೆ ಮುಖ ಮಾಡಿ ಕಡ್ಡಿಯಂತೆ ನಿಂತ ಒಬ್ಬ ಸನ್ಯಾಸಿ. ಗೋಡೆಗೆ ಅಂಟಿಸುತ್ತಿದ್ದಂತೆಯೇ ಹಿಂದಿನ ಬೆಂಚಿನಿಂದ, “ಸಾರ್, ಇದ್ರಲ್ಲಿ ಏನೂ ಇಲ್ವಲ್ಲ!” ಎಂಬ ದನಿ ಬಂತು.

ನನಗೆ ಲೆಕ್ಕದ ಚಟ. ನೀರಿನಂಚಿನಲ್ಲಿ ನಿಂತವನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ, ಭೂಮಿ ದುಂಡಗಿರುವುದರಿಂದ, ಅವನಿಗೆ ಕ್ಷಿತಿಜ ಬರೀ ನಾಲ್ಕೂವರೆ ಕಿ.ಮೀ. ದೂರ ಎಂದು ಬೋರ್ಡಿನ ಮೇಲೆ ತೋರಿಸಿದೆ. ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೂ ಈ ಕಡಲಿಗೆ ಕೊನೆಯೇ ಇಲ್ಲ ಅನ್ನಿಸುವುದೇಕೆ? ಕಣ್ಣು ದೂರವನ್ನು ಅಂದಾಜು ಮಾಡುವುದು ಪರಿಚಿತ ವಸ್ತುಗಳ ಗಾತ್ರದಿಂದ. ಇಲ್ಲಿ ಒಂದು ದೋಣಿಯೂ ಇಲ್ಲ.

ಮೊದಲು ಇದ್ದವು. ಅವಗೆಂಪು ಕಿರಣಗಳು ಮೇಲಿನ ಬಣ್ಣದ ಅನೇಕ ಪದರಗಳನ್ನು ದಾಟಿ ಹೋಗುತ್ತವೆ. ಅಡಿಯಲ್ಲಿ ಇಂಗಾಲದ ಕಪ್ಪು ಗೆರೆಗಳಿದ್ದರೆ ಅವು ಕಿರಣಗಳನ್ನು ಹೀರಿಕೊಂಡು ಎದ್ದು ಕಾಣುತ್ತವೆ. ಹಾಗೆ ಪರೀಕ್ಷಿಸಿದಾಗ ಈ ಚಿತ್ರದಲ್ಲಿ ಹಡಗುಗಳು ಸಿಕ್ಕವು. ಫ್ರೀಡ್ರಿಶ್ ಅವನ್ನು ಬರೆದುಕೊಂಡು, ಆಮೇಲೆ ಮುಚ್ಚಿಬಿಟ್ಟಿದ್ದ.

“ಯಾಕೆ ಮುಚ್ಚಿದ?” ಎಂದೆ. ಅಳತೆಗೋಲು ತೆಗೆದರೆ ವಿಸ್ತಾರ ಹೆಚ್ಚುತ್ತದೆ ಎಂಬ ಉತ್ತರ ನನ್ನಲ್ಲಿ ಸಿದ್ಧವಾಗಿತ್ತು.

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಆ ಮಳೆಗಾಲದಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಮಗು. ಅಲ್ಲಿಂದೀಚೆಗೆ ತಾನಾಗಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

“ಹಡಗಿದ್ದಿದ್ರೆ ಯಾರಾದ್ರೂ ಬರ್ತಾರೆ ಅಂತ ಕಾಯಬಹುದಿತ್ತು, ಸಾರ್.”

ಮಕ್ಕಳೆಲ್ಲ ಮತ್ತೆ ಚಿತ್ರದ ಕಡೆ ತಿರುಗಿದರು. ನಾನೂ ತಿರುಗಿದೆ. ಫ್ರೀಡ್ರಿಶ್‌ನ ತಾಯಿ 1781ರಲ್ಲಿ ತೀರಿಕೊಂಡದ್ದು, 1787ರಲ್ಲಿ, ಅವನಿಗೆ ಹದಿಮೂರಾಗಿದ್ದಾಗ, ತಮ್ಮ ನೀರುಪಾಲಾದದ್ದು ನನಗೆ ಗೊತ್ತಿತ್ತು. ಪಾಠಕ್ಕೆ ಸಂಬಂಧವಿಲ್ಲವೆಂದು ಟಿಪ್ಪಣಿಯಿಂದ ಹೊಡೆದುಹಾಕಿದ್ದೆ. ಅವಳಿಗೆ ಅದ್ಯಾವುದೂ ಗೊತ್ತಿರಲಿಲ್ಲ. ನನ್ನ ಸಿದ್ಧ ಉತ್ತರವೇನೂ ತಪ್ಪಲ್ಲ. ಆದರೆ ಅವಳು ಹೇಳಿದ ಮೇಲೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ.

ಗಂಟೆ ಬಾರಿಸಿತು. ಎಲ್ಲರೂ ಹೊರಟ ಮೇಲೆ ಅವಳು ಮೇಜಿನ ಬಳಿ ಬಂದು, “ಇದನ್ನ ಒಂದಿನ ಮನೆಗೆ ತಗೊಂಡು ಹೋಗ್ಲಾ, ಸಾರ್? ಅಮ್ಮಂಗೆ ತೋರಿಸ್ಬೇಕು” ಅಂದಳು.

ಮೂಲೆ ಹರಿಯದಂತೆ ಟೇಪನ್ನು ನಿಧಾನವಾಗಿ ಬಿಡಿಸಿ, ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟೆ.