ನಾಲ್ಕು ಸಾಲಿನ ಕುಸುರಿ

ಬೆಂಗಳೂರಿನ ಕೂಡ್ಲು ಗೇಟ್ ದಾಟಿ ಹೊಸೂರು ರಸ್ತೆಗೆ ಆತುಕೊಂಡಿರುವ ಸಿಂಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಸಾಫ್ಟ್‌ವೇರ್ ಸೀಮೆಯಲ್ಲಿ ಬೆಳೆಯುತ್ತಿರುವ ಹೊಸ ಬಗೆಯ ಬರವಣಿಗೆಗಳ ಪೈಕಿ, ಎಐ ಏಜೆಂಟ್‌ಗಳಿಗಾಗಿ ಶೋಧ ಟೂಲ್ ಒಂದರ ವಿವರಣೆ ಬರೆಯುವ ಕೆಲಸವು ಗಾತ್ರದಲ್ಲಿ ಬಹಳ ಚಿಕ್ಕದು, ತಿದ್ದಿದಷ್ಟೂ ರುಚಿ ಹೆಚ್ಚಿಸುವಂಥದು. ಏಜೆಂಟ್ ಎಂದರೆ, ಒಪ್ಪಿಸಿದ ಕೆಲಸವನ್ನು ಹಂತಗಳಾಗಿ ಒಡೆದು, ಯಾವ ಹಂತದಲ್ಲಿ ಯಾವ ಟೂಲ್ ಬೇಕೆಂದು ತಾನೇ ತೀರ್ಮಾನಿಸುವ, ಭಾಷಾ ಮಾದರಿಯನ್ನು ಆಧರಿಸಿದ ತಂತ್ರಾಂಶ. ಆ ಟೂಲ್ ಹುಡುಕುವ ನಾಲೆಡ್ಜ್ ಬೇಸ್ ಎಂದರೆ ಸಂಸ್ಥೆಯೊಂದರ ನಿಯಮ, ಕೈಪಿಡಿ, ಸುತ್ತೋಲೆಗಳನ್ನು ಹುಡುಕಲು ಅನುವಾಗುವಂತೆ ತುಣುಕುಗಳಾಗಿ ಜೋಡಿಸಿಟ್ಟ ಸಂಗ್ರಹ.

ಇಂಥ ಟೂಲ್‌ಗಳನ್ನು ಏಜೆಂಟ್‌ಗೆ ಪರಿಚಯಿಸಲು ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿ, ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಟೂಲ್‌ನ ಒಳಗಿನ ಕೋಡ್ ಏಜೆಂಟ್‌ಗೆ ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ, ಅದರ ಪಾಲಿಗೆ ನಾಲ್ಕು ಸಾಲಿನ ಈ ವಿವರಣೆಯೇ ಟೂಲ್. ‘ದಾಖಲೆಗಳನ್ನು ಹುಡುಕುತ್ತದೆ’ ಎಂದಷ್ಟೇ ಬರೆದರೆ ಸುಳ್ಳಾಗದು, ಆದರೆ ಅದನ್ನು ಓದಿದ ಏಜೆಂಟ್ ಮಳೆಯ ಮುನ್ಸೂಚನೆ ಕೇಳಿದಾಗಲೂ ಇಲ್ಲಿಗೇ ಬಂದೀತು, ರಜೆಯ ನಿಯಮ ಕೇಳಿದಾಗ ಹುಡುಕದೆ ನೆನಪಿನಿಂದಲೇ ಉತ್ತರಿಸಿಬಿಟ್ಟೀತು. ‘ರಜೆ, ವೇತನ, ಪ್ರಯಾಣ ಭತ್ಯೆಯ ನಿಯಮಗಳ ಬಗ್ಗೆ ಉತ್ತರಿಸುವ ಮೊದಲು ಬಳಸಿ, ಯಾವ ನೌಕರರಿಗೆ ಎಷ್ಟು ರಜೆ ಉಳಿದಿದೆಯೆಂಬ ಲೆಕ್ಕ ಇಲ್ಲಿ ಇಲ್ಲ’ ಎಂದು ತಿದ್ದಿದಾಗ, ಅದೇ ಟೂಲ್ ಬೇರೆಯೇ ಆಗಿ ನಡೆದುಕೊಳ್ಳುತ್ತದೆ. ಬರೆದ ವಾಕ್ಯವು ಹೀಗೆ ಕಣ್ಣೆದುರೇ ನಡತೆಯಾಗುವುದನ್ನು ಕಾಣುವ ಸುಖ ಗದ್ಯ ಬರೆಯುವವರಿಗೆ ಅಪರೂಪಕ್ಕೆ ಸಿಗುವಂಥದು.

ಒಂದೊಂದು ಪದವೂ ಇಲ್ಲಿ ತೂಕ ಕೇಳುತ್ತದೆ. ಹೆರಿಗೆ ರಜೆಯನ್ನೇ ನೋಡುವುದಾದರೆ, ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯು ಎರಡಕ್ಕಿಂತ ಕಡಿಮೆ ಮಕ್ಕಳಿರುವ ತಾಯಿಗೆ ಅದನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಹಳೆಯ ಸುತ್ತೋಲೆಯೂ ಹೊಸದೂ ಒಂದೇ ಸಂಗ್ರಹದಲ್ಲಿದ್ದರೆ ಹುಡುಕಾಟ ಎರಡನ್ನೂ ಎತ್ತಿ ತರುತ್ತದೆ. ಪ್ರತಿ ಫಲಿತಾಂಶದ ಜೊತೆ ದಿನಾಂಕ ಬರುತ್ತದೆ, ನಿಯಮಗಳು ಪರಸ್ಪರ ಒಪ್ಪದಿದ್ದರೆ ಈಚಿನದನ್ನು ಹಿಡಿಯಬೇಕು ಎಂಬ ಒಂದು ಸಾಲು ವಿವರಣೆಯಲ್ಲಿ ಇಲ್ಲದೆ ಹೋದರೆ, ಗರ್ಭಿಣಿಯೊಬ್ಬರಿಗೆ 14 ವಾರ ಕಡಿಮೆ ಹೇಳುವ ಉತ್ತರ ಹೋಗಬಹುದು.

ಹುಡುಕುವ ಬಗೆಯನ್ನೂ ಹೇಳಬೇಕಾಗುತ್ತದೆ. ಪದಗಳನ್ನೇ ಹೊಂದಿಸುವ ಹುಡುಕಾಟದಲ್ಲಿ ಸಂಗ್ರಹದಲ್ಲೆಲ್ಲ ಹರಡಿರುವ ಪದಕ್ಕಿಂತ ಅಪರೂಪದ ಪದಕ್ಕೆ ಹೆಚ್ಚು ತೂಕ, ಎಂಬ ವಿಚಾರವನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಯಂತ್ರದ ಎರರ್ ಕೋಡ್ ಹುಡುಕಲು ಇಂದಿಗೂ ಈ ಬಗೆಯೇ ಮೇಲು. ಆದರೆ ಕನ್ನಡದಲ್ಲಿ ಅದು ಎಡವುತ್ತದೆ, ಏಕೆಂದರೆ ರಜೆ, ರಜೆಯನ್ನು, ರಜೆಗಾಗಿ ಎಂಬವು ಅಕ್ಷರ ನೋಡುವ ಯಂತ್ರಕ್ಕೆ ಮೂರು ಬೇರೆ ಪದಗಳು. ಅರ್ಥವನ್ನು ಸಂಖ್ಯೆಗಳ ಸರಣಿಯಾಗಿಸಿ ಹೋಲಿಸುವ ವೆಕ್ಟರ್ ಹುಡುಕಾಟವಾದರೋ ‘ಬಾಣಂತನದ ರಜೆ’ ಎಂದು ಕೇಳಿದವರಿಗೂ ‘ಹೆರಿಗೆ ರಜೆ’ಯ ನಿಯಮವನ್ನು ತಂದುಕೊಡಬಲ್ಲದು.

ಎಷ್ಟು ಫಲಿತಾಂಶ ತರಬೇಕೆಂಬ ಅಂಕಿಯನ್ನು ವಿವರಿಸುವಾಗ ಎಸ್. ಆರ್. ರಂಗನಾಥನ್ ನೆನಪಾಗದೆ ಇರಲಾರರು. 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೇನಿಂಗ್ ಸೆಂಟರ್ ಕಟ್ಟಿದ ಅವರು, 1931ರಲ್ಲೇ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸುವುದು. ಏಜೆಂಟ್ ಎಂಬ ಓದುಗನಿಗೂ ಕಾಂಟೆಕ್ಸ್ಟ್ ವಿಂಡೊ ಎಂಬ, ಒಮ್ಮೆಗೆ ಇಷ್ಟೇ ಪಠ್ಯ ಹಿಡಿಸುವ ಮಿತಿಯಿದೆ. 50 ತುಣುಕು ಸುರಿದರೆ ಬೇಕಾದ ಒಂದು ಅವುಗಳಡಿ ಹೂತುಹೋಗಬಹುದು, ಐದು ಸಾಕೆಂದು ಮೊದಲೇ ಹೇಳಿಟ್ಟರೆ ಓದುಗನ ಹಾದಿ ಹಗುರಾಗುತ್ತದೆ.

ಆದರೂ ಈ ಕಸುಬಿಗೆ ಹತ್ತಿರದ ಹಿರಿಯನೆಂದರೆ ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ. ‘ಶಬ್ದಮಣಿದರ್ಪಣ’ದಲ್ಲಿ ಆತ ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ, ಗದ್ಯದ ವೃತ್ತಿಯಲ್ಲಿ ಅದನ್ನು ಬಿಡಿಸಿ, ಕವಿಗಳ ಪ್ರಯೋಗಗಳನ್ನು ಕೆಳಗಿಟ್ಟು ತೋರಿಸುತ್ತಾನೆ, ಟೂಲ್‌ನ ವಿವರಣೆಯಲ್ಲೂ ನಿಯಮ ಹೇಳಿ, ಅದನ್ನು ಬಿಡಿಸಿ, ಎರಡು ಮಾದರಿ ಪ್ರಶ್ನೆಗಳನ್ನು ಕೊಟ್ಟಾಗಲೇ ಓದುಗನಿಗೆ ಹಾದಿ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು, ಏನೂ ಸಿಗದಾಗ ಏನು ಮಾಡಬೇಕೆಂಬ ಸಾಲು. ಅದಿಲ್ಲದಿದ್ದರೆ ಏಜೆಂಟ್ ಖಾಲಿ ಜಾಗವನ್ನು ಊಹೆಯಿಂದ ತುಂಬಬಹುದು. ‘ಫಲಿತಾಂಶ ಸಿಗದಿದ್ದರೆ ಬೇರೆ ಪದಗಳಿಂದ ಒಮ್ಮೆ ಹುಡುಕಿ, ಆಗಲೂ ಸಿಗದಿದ್ದರೆ ಸಂಗ್ರಹದಲ್ಲಿ ಇದು ಇಲ್ಲವೆಂದು ಕೇಳಿದವರಿಗೆ ಹೇಳಿ’ ಎಂಬ ಸರಳ ವಾಕ್ಯಕ್ಕೆ ತಲುಪುವ ಮೊದಲು ಹತ್ತಾರು ಕರಡುಗಳು ಹರಿಯುತ್ತವೆ, ‘ಒಮ್ಮೆ’ ಎಂಬ ಪದ ಉಳಿಯಬೇಕೋ ಬೇಡವೋ ಎಂಬ ಪರೀಕ್ಷೆಗೇ ಮಧ್ಯಾಹ್ನವೊಂದು ಕಳೆಯುತ್ತದೆ.