ಬಂಗು

ಕಳೆದ ಮಾಘಮಾಸದಲ್ಲಿ ಪಾಲಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆನು. ಸಮೀಪದ ಆಲೆಮನೆಯಲ್ಲಿ, ಗಾಣದಿಂದಿಳಿದ ಕಬ್ಬಿನ ಹಾಲು ನೋಡನೋಡುತ್ತಲೇ ಕಂದಾಗುತ್ತಿದ್ದಿತು. ಅದು ಕೊಪ್ಪರಿಗೆಯಲ್ಲಿ ಕುದಿಯುವಾಗ ಆಲೆಯವನು ಬಿಳಿಯ ಪುಡಿಯೊಂದನ್ನು ಎರಚಿ, “ಹೈಡ್ರೋಸ್, ಸ್ವಾಮಿ. ಹೊಂಬಣ್ಣ ಬಾರದಿದ್ದರೆ ಮಂಡಿಯಲ್ಲಿ ಕೇಳುವವರಿಲ್ಲ” ಎಂದನು. ಹೀಗೆ ತಿಳಿಯಾದ ಬೆಲ್ಲ ಇಟ್ಟಲ್ಲೇ ಮತ್ತೆ ಕಪ್ಪಾಗುವುದೆಂಬುದು ಅವನಿಗೂ ಗೊತ್ತು. ಬಿಳುಪಿನ ಹಂಬಲ ಈ ಊರಿಗೆ ಹೊಸದಲ್ಲ. ರೈತರ ಬೆಲ್ಲವನ್ನು ಕೊಂಡು ಸಕ್ಕರೆಮಾಡುತ್ತಿದ್ದ ಅಷ್ಟಗ್ರಾಮದ ಕಾರ್ಖಾನೆ 1847ರಲ್ಲಿ ಸ್ಥಾಪಿತವಾದುದು ಇಲ್ಲಿಯೇ.

ಎರಡನೆಯ ಹೆರಿಗೆಯ ತರುವಾಯ ಅಕ್ಕನ ಕೆನ್ನೆಗಳ ಮೇಲೆ ಬಂಗು ಎದ್ದಿತ್ತು. ವೈದ್ಯರನ್ನು ಕೇಳದೆ ಅಂಗಡಿಯಿಂದ ಒಂದು ಮುಲಾಮನ್ನು ತರಿಸಿದಳು. ಕೆಲವು ವಾರಗಳಲ್ಲಿ ಮೊಗ ತಿಳಿಯಾಯಿತು. ಆ ಸಂತೋಷದಲ್ಲಿ ಎರಡು ವರ್ಷ ಹಚ್ಚಿದಳು. ಚರ್ಮ ತೆಳುವಾಗಿ ಕೆಂಪೇರಿತು, ಬಿಸಿಲು ಸೋಕಿದರೆ ಉರಿ. ಬಿಟ್ಟೊಡನೆ ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು.

ಕಬ್ಬಿನ ಹಾಲನ್ನೂ ಹೆಚ್ಚಿದ ಬದನೆಕಾಯಿಯನ್ನೂ ಕಂದಿಸುವ ಕಿಣ್ವವೂ, ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ಕಟ್ಟುವ ಟೈರೋಸಿನೇಸೂ ತಾಮ್ರವನ್ನು ಒಡಲಲ್ಲಿಟ್ಟುಕೊಂಡ ದಾಯಾದಿಗಳೇ. ಅದನ್ನು ತಡೆಯುವ ಬಗೆಯ ಸುಳಿವೊಂದು ಅಕಸ್ಮಾತ್ತಾಗಿ ದೊರೆಯಿತು. ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರಿನ ಕೈಚೀಲ ತೊಡುತ್ತಿದ್ದ ಕೂಲಿಗಳ ಕೈಗಳು ಬೆಳ್ಳಗಾದುವೆಂದು 1939ರಲ್ಲಿ ವರದಿಯಾಯಿತು. ರಬ್ಬರು ಕೆಡದಂತೆ ಬೆರಸಿದ್ದ, ಹೈಡ್ರೋಕ್ವಿನೋನಿನ ಕುಲದ ವಸ್ತುವೊಂದು ಅದಕ್ಕೆ ಕಾರಣ. ಆ ಬಿಳುಪು ಹಲವರಲ್ಲಿ ಅಳಿಯದ ಮಚ್ಚೆಯಾಗುವುದು. ಆದುದರಿಂದ ಬಂಗಿಗೆ ಸೌಮ್ಯವಾದ ಹೈಡ್ರೋಕ್ವಿನೋನೇ ಮದ್ದಾಯಿತು. ಜಪಾನಿನವರು ಬೂಷ್ಟಿನಿಂದ ಕೋಜಿಕ್ ಆಮ್ಲವನ್ನು ಪಡೆದರು. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಹೈಡ್ರೋಕ್ವಿನೋನಿಗೆ ಟ್ರೆಟಿನಾಯಿನನ್ನೂ ಸ್ಟೀರಾಯ್ಡನ್ನೂ ಕೂಡಿಸಿದರು. ಅಕ್ಕನ ಮುಲಾಮು ಈ ವಂಶದ್ದೇ. ವೈದ್ಯರ ಕಣ್ಣಿನಡಿಯಲ್ಲಿ ಕೆಲವು ವಾರ ಹಚ್ಚಿದರೆ ಗುಣವುಂಟು. ಸ್ಟೀರಾಯ್ಡು ವರ್ಷಗಟ್ಟಲೆ ಹಚ್ಚತಕ್ಕುದಲ್ಲ. 2018ರಲ್ಲಿ ಸರ್ಕಾರವು ಇಂತಹ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಚೀಟಿ ಕೇಳುವ ಅಂಗಡಿ ಎಷ್ಟು ಎಂಬುದನ್ನು ವಾಚಕರೇ ಬಲ್ಲರು.

ಈಗ ಅಕ್ಕನಿಗೆ ವೈದ್ಯರು ಹೇಳಿರುವ ಮೊದಲ ಮದ್ದು ಬಿಸಿಲಿನಿಂದ ಮರೆ. “ಗದ್ದೆಗೆ ಹೋಗದೆ ಇರುವುದು ಹೇಗೋ, ತಮ್ಮ?” ಎಂದು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು.

ಹೊರಡುವ ಮುನ್ನ ಕನ್ನಡಿಯ ಗೂಡಿನಲ್ಲಿ ಅದೇ ಮುಲಾಮಿನ ಹೊಸ ಕೊಳವೆಯನ್ನು ಕಂಡೆನು. ಅದು ಅವಳ ಮಗಳದು. ಹುಡುಗಿಯ ಮೊಗದಲ್ಲಿ ಬಂಗಿನ ಸುಳಿವೂ ಇಲ್ಲ. ಹುಟ್ಟಿನಿಂದ ಬಂದ ಎಣ್ಣೆಗೆಂಪು ಬಣ್ಣ, ಅಷ್ಟೆ. ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದೆನು. ಶ್ರದ್ಧೆಯಿಂದ ಕೇಳಿ, ಕೊನೆಗೆ ತಲೆತಗ್ಗಿಸಿ, “ಭಾನುವಾರ ಅವರು ನೋಡಲು ಬರುತ್ತಾರೆ, ಮಾವ. ಅಲ್ಲಿಯವರೆಗೆ ಮಾತ್ರ ಹಚ್ಚಲೇ?” ಎಂದಳು.