ಗಾಡಿ ನಿಂತಾಗಷ್ಟ ಶಕಿ

ಹೋದ ವರ್ಷ ಮೇ ತಿಂಗಳದಾಗ ಹುಬ್ಬಳ್ಳಿಯಿಂದ ಕಲಬುರಗಿಗೆ ಲಗ್ನಕ್ಕ ಹೊಂಟಿದ್ವಿ. ಹಿಂದಿನ ಸೀಟಿನ್ಯಾಗ ನಮ್ಮ ಅತ್ತಿ, ವಯಸ್ಸು 78. ಕಾರಿನ ಎಸಿಗೆ ಎರಡು ತಿಂಗಳದಾಗ ಎರಡು ಸರತಿ ಗ್ಯಾಸ್ ತುಂಬಿಸಿದ್ರೂ ಬಿಸಿ ಗಾಳಿ ಬರೂದು ನಿಂತಿರಲಿಲ್ಲ. "ಗಾಡಿ ಓಡುವಾಗ ತಂಪದ, ನಿಂತಾಗಷ್ಟ ಶಕಿ" ಅಂತ ಅತ್ತಿ ಹೇಳ್ತನ ಇದ್ರು. ವಯಸ್ಸಾದವ್ರಿಗೆ ಶಕಿ ಜಾಸ್ತಿ ಅಂತ ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ.

ದಾರ್‍ಯಾಗ ರೇಲ್ವೆ ಗೇಟ್ ಬಿತ್ತು. ಇಪ್ಪತ್ತು ನಿಮಿಷ ನಿಂತ್ವಿ. ಹೊಳ್ಳಿ ನೋಡ್ತೀನಿ, ಅತ್ತಿ ಬೆವತು, ಕಣ್ಣು ಮುಚ್ಚಿ ವಾಲಿ ಬಿಟ್ಟಾರ! ಬೇವಿನ ನೆಳ್ಳಿಗೆ ಇಳಿಸಿ, ಮಾರಿಗೆ ನೀರು ಹಚ್ಚಿ, ಸೆರಗಲೆ ಗಾಳಿ ಹಾಕಿದ ಮ್ಯಾಲೆ ಕಣ್ಣು ತೆರೆದ್ರು. ನನಗ ಹೋದ ಜೀವ ಬಂದಂಗಾತು.

ಮರುದಿನ ಬ್ಯಾರೆ ಮೆಕ್ಯಾನಿಕ್‌ಗೆ ಅತ್ತಿ ಮಾತನ್ನ ಹಂಗ ಹೇಳಿದೆ. ಅಂವ ಬಾನೆಟ್ ಎತ್ತಿ, ಎಸಿ ಹಚ್ಚಿ ತೋರಿಸಿದ. ರೇಡಿಯೇಟರ್ ಮುಂದಿನ ಕಂಡೆನ್ಸರ್‌ಗೆ ಗಾಳಿ ಎಳಿಯೋ ಫ್ಯಾನ್ ತಿರುಗಲಾರದ ನಿಂತಿತ್ತು. ಗಾಡಿ ಓಡುವಾಗ ಎದುರುಗಾಳಿ ಕಂಡೆನ್ಸರನ್ನ ಆರಸ್ತದ. ನಿಂತಾಗ ಫ್ಯಾನೇ ಗತಿ. "ಗ್ಯಾಸ್ ಪೆಟ್ರೋಲಿನಂಗ ಖರ್ಚಾಗೂದಿಲ್ಲರೀ, ಸೋರಿದ್ರಷ್ಟ ಕಡಿಮಿ ಆಗ್ತದ" ಅಂದ. ಸುಟ್ಟ ಮೋಟರ್ ಬದಲಿಸಿದ ಮ್ಯಾಲೆ ನಿಂತ ಗಾಡ್ಯಾಗೂ ತಂಪಾತು.

ನಿಮ್ಮಲ್ಲೂ ಹಿಂಗಾದ್ರ ಗ್ಯಾಸಿಗೆ ರೊಕ್ಕ ಕೊಡೂಕಿಂತ ಮೊದಲ ಫ್ಯಾನ್ ನೋಡಸ್ರಿ. ಕೈ ಮಾತ್ರ ಹಾಕಬ್ಯಾಡ್ರಿ, ಒಮ್ಮೆಲೆ ತಿರುಗೀತು. ಗಾಳಿನೇ ಸಣ್ಣಗ ಬರ್ತಿದ್ರ ಕ್ಯಾಬಿನ್ ಫಿಲ್ಟರಿನ ಧೂಳು ತೆಗಸ್ರಿ.

ಅತ್ತಿ ಹೇಳಿದ್ದನ್ನ ಆಗಲೇ ಕೇಳಿದ್ರ ಆ ಗೇಟಿನ ಮುಂದ ಹಂಗಾಗ್ತಿರಲಿಲ್ಲ. ಈಗ ಹಿಂದಿನ ಸೀಟಿನಿಂದ "ತಂಪದ" ಅಂದ ಮ್ಯಾಲೇ ನಮ್ಮ ಗಾಡಿ ಹೊರಡ್ತದ.